ಮಹಾಂತಪ್ಪನ ನಂಬರು

"ಇನ್ನೂ ಬಂದಿಲ್ಲ ನೋಡವಾ," ಎಂದಳು ರಾಚವ್ವ, ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತು. "ನೆಟ್ವರ್ಕ್ ಇವತ್ತ ಸುಮಾರ ಐತಿ. ಕುಂದ್ರು, ಚಾ ಇಡತೇನಿ."

ಹೊರಗಿನ ಕಟ್ಟೆಯ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಪ್ರಣಿತಾ ತಲೆ ಎತ್ತಲಿಲ್ಲ. "ಮತ್ತೊಮ್ಮೆ ಕಳಸೇನ್ರಿ ಅಮ್ಮಾರ. ಜರಾ ನೋಡ್ರಿ."

ಹಿಂದಿನ ದಿನ ಅವಳ ಲ್ಯಾಪ್‌ಟಾಪಿನ ಮೇಲ್ ಪ್ರೋಗ್ರಾಮು ಯಾರೂ ಕೇಳದೆ ತನ್ನಷ್ಟಕ್ಕೆ ತಾನೇ ಹೊಸದಾಗಿತ್ತು. ಹೊಸದಾದದ್ದೇ ತಡ, ಹಳೆಯ ಗುರುತು ಪರಿಚಯವೆಲ್ಲ ಮರೆತು ಪಾಸ್‌ವರ್ಡ್ ಹೇಳು ಎಂದು ಕೂತಿತು. ಪ್ರಣಿತಾಗೆ ಪಾಸ್‌ವರ್ಡ್ ಗೊತ್ತಿದ್ದರೆ ತಾನೇ? ಅದನ್ನು ಇಟ್ಟವನು ರಾಚವ್ವನ ಗಂಡ ಮಹಾಂತಪ್ಪ. ಮರೆತಿದ್ದರೆ ಹೊಸದು ಮಾಡಿಕೊಳ್ಳಿ, ಕೋಡ್ ಕಳಿಸುತ್ತೇವೆ ಎಂದಿತು ಪ್ರೋಗ್ರಾಮು. ಕೋಡ್ ಹೋಗುವುದೂ ಮಹಾಂತಪ್ಪನ ಫೋನಿಗೇ.

ಯರಗಟ್ಟಿ ಬಸ್ ಸ್ಟ್ಯಾಂಡಿನ ಎದುರು ಅವನ ಝೆರಾಕ್ಸ್ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರ ಮೇಲ್ ಐಡಿಗಳೆಲ್ಲ ಹುಟ್ಟಿದ್ದು ಅಲ್ಲಿಯೇ. ಅರ್ಜಿ ಹಾಕಲು ಬಂದವರಲ್ಲಿ ಕೆಲವರಿಗೆ ಫೋನೇ ಇರುತ್ತಿರಲಿಲ್ಲ, ಇದ್ದವರ ಸಿಮ್ಮು ಅಂಗಿ ಬದಲಿಸಿದ ಹಾಗೆ ಬದಲಾಗುತ್ತಿತ್ತು. "ನಂದ ಹಾಕತೇನಿ ತಗೋ. ನಾ ಎಲ್ಲಿ ಹೊಕ್ಕೇನಿ?" ಎಂದು ಮಹಾಂತಪ್ಪ ಎಲ್ಲರಿಗೂ ತನ್ನ ನಂಬರನ್ನೇ ಕೊಟ್ಟುಬಿಡುತ್ತಿದ್ದ. ಹೋದ ವರ್ಷ ಅಂಗಡಿಯಲ್ಲಿಯೇ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಕವರು ಮಾರುತ್ತಾರೆ. ನಂಬರು ಮಾತ್ರ ಸಾಯಲಿಲ್ಲ. ಮಗಳು ಸವದತ್ತಿಯಿಂದ ಫೋನು ಮಾಡಿದಾಗಲೆಲ್ಲ ಬಂದ್ ಮಾಡು ಎನ್ನುತ್ತಾಳೆ, ರಾಚವ್ವ ಹೂಂ ಎಂದು ಮತ್ತೆ ರಿಚಾರ್ಜ್ ಮಾಡಿಸುತ್ತಾಳೆ. ಫೋನು ದೇವರ ಜಗಲಿಯ ಮೇಲೆ, ಗಂಡನ ಫೋಟೊದ ಪಕ್ಕದಲ್ಲಿರುತ್ತದೆ. ಅಲ್ಲಷ್ಟೇ ನೆಟ್ವರ್ಕ್ ಸಿಗುತ್ತದೆ ಎನ್ನುವುದು ಅವಳ ಮಾತು. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಕೋಡ್ ಓದಿ ಹೇಳುವುದಕ್ಕೆ ಅಷ್ಟು ಸಾಕು.

ಅವನು ಹೋದ ಮೇಲೆ ಪಾಸ್‌ವರ್ಡ್ ಬೇಕಾದವರು ಕೋಡ್ ಕೇಳಿಕೊಂಡು ಅವಳ ಮನೆಗೇ ಬರತೊಡಗಿದರು. ಮೊದಮೊದಲು ಕೋಡ್ ಬಂದ ಕೂಡಲೇ ಹೇಳಿಬಿಡುತ್ತಿದ್ದಳು. ಅವರು "ಬಂತ್ರಿ" ಎನ್ನುತ್ತ ಗಾಡಿ ಚಾಲೂ ಮಾಡಿ ಹೋಗಿಬಿಡುತ್ತಿದ್ದರು. ಒಂದು ದಿನ ನಿಜವಾಗಿಯೂ ನೆಟ್ವರ್ಕ್ ಇರಲಿಲ್ಲ. ನವಿಲುತೀರ್ಥದಿಂದ ಬಂದಿದ್ದ ಭೀಮಶಿ ಎಂಬುವನು ಕಾಯುತ್ತ ಕೂತ, ಚಹಾ ಕುಡಿದ, ಮಹಾಂತಪ್ಪ ತನಗೋಸ್ಕರ ಅಮಾವಾಸ್ಯೆ ದಿನ ಅಂಗಡಿ ತೆರೆದದ್ದನ್ನು ಹೇಳಿದ. ಗಂಡ ಅಂಥ ಕೆಲಸ ಮಾಡಿದ್ದು ರಾಚವ್ವನಿಗೆ ಗೊತ್ತೇ ಇರಲಿಲ್ಲ. ಆವತ್ತಿನಿಂದ ಅವಳ ಮನೆಯಲ್ಲಿ ಕೋಡ್ ಚಹಾ ಕುದಿಯುವಷ್ಟು ಹೊತ್ತು ತಡವಾಗಿ ಬರತೊಡಗಿತು. ಇದನ್ನು ಸುಳ್ಳು ಎಂದು ಅವಳು ಎಣಿಸಲೇ ಇಲ್ಲ. ದಿನಕರ್ಮ ಮುಗಿದ ಮೇಲೆ ಸತ್ತವರ ಹೆಸರು ಎತ್ತುವವರು ಯಾರಿರುತ್ತಾರೆ? ಇವರಾದರೂ ಎತ್ತುತ್ತಿದ್ದರು.

"ಸಂಜಿ ಐದರೊಳಗ ಒಪ್ಪಿಗಿ ಕಳಸಬೇಕ್ರಿ," ಎಂದಳು ಪ್ರಣಿತಾ. "ಬೆಳಗಾವಿ ದವಾಖಾನಿಯಾಗ ನರ್ಸ್ ಕೆಲಸ. ಇಲ್ಲಂದ್ರ ಇನ್ನೊಬ್ಬರಿಗೆ ಕೊಡತಾರ."

"ಇನ್ನೂ ಮಧ್ಯಾಹ್ನ ಆಗಿಲ್ಲ, ಯಾಕ ಗಡಬಡಿ ಮಾಡ್ತಿ? ನಮ್ಮ ಯಜಮಾನ್ರ ನೆನಪ ಐತಿಲ್ಲ ನಿನಗ?"

"ಐತ್ರಿ. ಫೋಟೊ ತಗಿವಾಗ ನಗು ಅಂದ್ರು. ಅರ್ಜಿ ಫೋಟೊದಾಗ ನಗಬಾರದ್ರಿ ಅಂದೆ. ನಕ್ರ ಯಾರ ಬ್ಯಾಡಂತಾರ, ನಗು ಅಂದ್ರು."

ರಾಚವ್ವ ನಕ್ಕಳು. ನಗುತ್ತಿರುವಂತೆಯೇ ಕಣ್ಣು ತುಂಬಿತು. ಒಳಗೆ ಫೋನು ಟಿಣ್ ಎಂದಿತು. ಹೋಗಿ ನೋಡಿದಳು. ಅಂಕಿಗಳು ಬಂದಿದ್ದವು. ಹುಡುಗಿ ಅವರ ಬಗ್ಗೆ ಇನ್ನೂ ಒಂದು ಮಾತು ಹೇಳಿಯಾಳು, ಚಹಾವೂ ಕುದಿಯಬೇಕು. ಹೊರಗೆ ಬಂದು, "ಇಲ್ಲ ತಂಗಿ," ಎಂದಳು.

ಪ್ರಣಿತಾ ಮತ್ತೆ ಕಳಿಸಿದಳು. ಮತ್ತೆ ಟಿಣ್ ಎಂದಿತು, ಮತ್ತೆ ಇಲ್ಲ ಎಂದಾಯಿತು. ಬೇರೆಯವರಾಗಿದ್ದರೆ ಫೋನು ಇತ್ತ ತರ್ರಿ ಎನ್ನುತ್ತಿದ್ದರೇನೋ, ಒಳಗೆ ಹೋಗಿ ತಾವೇ ನೋಡುತ್ತಿದ್ದರೇನೋ. ಪ್ರಣಿತಾ ಗೋಡೆಯ ಮೇಲೆ ಬುದ್ಧನ, ಬಾಬಾಸಾಹೇಬರ ಫೋಟೊ ಇರುವ ಮನೆಯ ಹುಡುಗಿ. ಈ ಓಣಿಯಲ್ಲಿ ಕಟ್ಟೆಯವರೆಗೆ ಮಾತ್ರ ಬರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯ ಇರಲಿಲ್ಲ. ರಾಚವ್ವನೂ ಒಳಗೆ ಬಾ ಎಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪ್ರಣಿತಾಳ ಬೆರಳು ನಿಂತುಬಿಟ್ಟಿತು. "ಬಂದ್ ಆತ್ರಿ ಅಮ್ಮಾರ," ಎಂದಳು. "ಭಾಳ ಸಲ ಕೇಳೀರಿ, ನಾಳಿ ಬರ್ರಿ ಅನ್ನಾಕತ್ತೈತಿ."

"ನಾಳಿ ಅಂದ್ರ?"

ಪ್ರಣಿತಾ ದವಾಖಾನೆಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು, ಅರ್ಜಿ ಹಾಕಿದ ಮೇಲ್ ಐಡಿಯಿಂದಲೇ ಬಂದರೆ ಮಾತ್ರ ಲೆಕ್ಕಕ್ಕೆ ಎಂದು ಇಟ್ಟುಬಿಟ್ಟಳು. ಪ್ರಣಿತಾ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಎದ್ದಳು. ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ನೇರ ಜಗಲಿಯ ಹತ್ತಿರ ಹೋದಳು. ರಾಚವ್ವ ಬಾಗಿಲು ಬಿಟ್ಟು ಸರಿದು ನಿಂತಳು.

ಫೋನಿನಲ್ಲಿ ಕೋಡುಗಳು ಒಂದರ ಕೆಳಗೊಂದು ಕೂತಿದ್ದವು. ಕಳಿಸಿದ ಒಂದೂ ತಪ್ಪಿರಲಿಲ್ಲ.

"ಬಂದಾವಲ್ರಿ ಅಮ್ಮಾರ," ಎಂದಳು ಪ್ರಣಿತಾ. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಎಲ್ಲಾ ಬಂದಾವ. ಯಾಕ್ರಿ?"

ಒಲೆಯ ಮೇಲೆ ಚಹಾ ಉಕ್ಕಿತು. ರಾಚವ್ವ ಹೋಗಿ ಅದನ್ನು ಇಳಿಸಿದಳು. "ಚಾ ಕುಡದು ಹೋಗಲಿ ಅಂತ..." ಎಂದಳು. "ಜರಾ ಹೊತ್ತ ಕುಂತಿರತಿ ಅಂತ." ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದೆಂದು ಅವಳಿಗೇ ಕೇಳಿಸಿತು, ನಾಚಿಕೆಯಿಂದ ಮೈ ಹಿಡಿಯಾಯಿತು.

ಪ್ರಣಿತಾ ಫೋನನ್ನು ಇದ್ದಲ್ಲಿಯೇ ಇಟ್ಟಳು. ಮಹಾಂತಪ್ಪನ ಫೋಟೊವನ್ನು ಒಮ್ಮೆ ನೋಡಿ, "ಬರತೇನ್ರಿ," ಎಂದು ಹೊರಟುಹೋದಳು. ಬೈದಿದ್ದರೆ ರಾಚವ್ವ ಅತ್ತು ಹಗುರಾಗುತ್ತಿದ್ದಳು.

ಮರುದಿನ ಪ್ರಣಿತಾ ಬರಲಿಲ್ಲ, ಫೋನು ಮಾಡಿದಳು. "ಕೋಡ್ ಹೇಳ್ರಿ," ಎಂದಳು. ಜಗಲಿಯ ಎದುರೇ ಕಾದು ನಿಂತಿದ್ದ ರಾಚವ್ವ, ಟಿಣ್ ಎಂದ ಕೂಡಲೇ ಅಂಕಿಗಳನ್ನು ಗಟ್ಟಿಯಾಗಿ ಹೇಳಿದಳು, ಕೇಳದಿದ್ದರೂ ಇನ್ನೊಮ್ಮೆ ಹೇಳಿದಳು. "ಬಂತ್ರಿ," ಎಂದಳು ಪ್ರಣಿತಾ. "ಕೆಲಸ ಏನಾತವಾ?" ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಕೆಲಸ ಬೇರೆಯವರ ಪಾಲಾಗಿತ್ತು. ಪ್ರಣಿತಾ ತನ್ನ ಮೇಲ್ ಐಡಿಯಿಂದ ಮಹಾಂತಪ್ಪನ ನಂಬರು ತೆಗೆದು ತನ್ನದನ್ನು ಹಾಕಿಕೊಂಡಳು. ಆಮೇಲೆ ಕೂಡಿ ಓದಿದವರ ವಾಟ್ಸಾಪ್ ಗುಂಪಿನಲ್ಲಿ, ಹಳೆಯ ನಂಬರು ಇರುವವರು ಈಗಲೇ ಬದಲಿಸಿಕೊಳ್ಳಿ ಎಂದು, ಬದಲಿಸುವುದು ಹೇಗೆಂಬುದನ್ನೂ ಬರೆದು ಹಾಕಿದಳು. ಯಾಕೆಂದು ಬರೆಯಲಿಲ್ಲ, ರಾಚವ್ವನ ಹೆಸರೂ ಎತ್ತಲಿಲ್ಲ. ಆ ಮಾತು ಗುಂಪಿನಿಂದ ಗುಂಪಿಗೆ ಹೋಯಿತು. ಒಬ್ಬೊಬ್ಬರು ನಂಬರು ತೆಗೆದಾಗಲೂ, ತೆಗೆದಿದ್ದೇವೆ ಎಂದು ಆ ಹಳೆಯ ನಂಬರಿಗೇ ಒಂದು ಮೆಸೇಜು ಹೋಗುತ್ತದೆ.

ಇದೊಂದೂ ರಾಚವ್ವನಿಗೆ ಗೊತ್ತಿಲ್ಲ. ರವಿವಾರ ಬೆಳಿಗ್ಗೆ ಜಗಲಿಯ ಮೇಲೆ ಫೋನು ಟಿಣ್ ಎಂದಾಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದಳು. ಇನ್ನು ಮೇಲೆ ಬಂದ ಕೂಡಲೇ ಹೇಳಿಬಿಡಬೇಕು ಎಂದುಕೊಂಡಿದ್ದಳು. ಫೋನು ಹಿಡಿದು ಕಟ್ಟೆಗೆ ಬಂದಳು. ಯಾರೂ ಇರಲಿಲ್ಲ. ಮೆಸೇಜಿನ ಮೇಲೆ ಬೆರಳಿಟ್ಟು ಅಂಕಿ ಹುಡುಕಿದಳು. ತುಂಬ ಅಕ್ಷರಗಳಿದ್ದವು, ಒಂದೂ ಅಂಕಿ ಇರಲಿಲ್ಲ.

ಅವಳು ನಿಂತಿರುವಂತೆಯೇ ಕೈಯಲ್ಲಿ ಮತ್ತೊಮ್ಮೆ ಟಿಣ್ ಎಂದಿತು, ಅದರ ಹಿಂದೆ ಇನ್ನೊಂದು. ಮಧ್ಯಾಹ್ನದವರೆಗೂ ಬರುತ್ತಲೇ ಇದ್ದವು. ಗಂಡ ಹೋದ ಮೇಲೆ ಫೋನು ಒಂದೇ ದಿನ ಇಷ್ಟೊಂದು ಸಲ ಸದ್ದು ಮಾಡಿರಲಿಲ್ಲ. ರಾಚವ್ವ ಕಟ್ಟೆಯ ಮೇಲೆ ಕೂತು, ಒಂದೊಂದನ್ನೂ ಬಿಸಿಲಿಗೆ ಹಿಡಿದು, ಎಲ್ಲಾದರೂ ಒಂದು ಅಂಕಿ ಇದೆಯೇ ಎಂದು ನೋಡುತ್ತಿದ್ದಳು.