ಅಡುಗೆಕಟ್ಟೆಯ ಎತ್ತರ

ಸಿಮೆಂಟಿನ ಕೊನೆಯ ಚೀಲವನ್ನೂ ಮೇಸ್ತ್ರಿ ಹೊರಗೆ ಎತ್ತಿ ಹಾಕಿದ ಮೇಲೆ ನಡುಮನೆಯಲ್ಲಿ ಹೆಣ ಮಲಗಿಸುವಷ್ಟು ಜಾಗವಾಯಿತು. ಚೀಲಗಳಿದ್ದ ಕಡೆ ಬೂದು ಪುಡಿ ಚೌಕವಾಗಿ ಉಳಿದಿತ್ತು. ಅವಳು ಪೊರಕೆ ತಂದು ಬಗ್ಗಿದಳು. ಮಗಳು ಅದನ್ನು ಕೈಯಿಂದ ಕಿತ್ತುಕೊಂಡಳು.

“ಅಮ್ಮ, ಇವತ್ತಾದ್ರೂ ಸುಮ್ನೆ ಕೂತ್ಕೋ.”

“ಎಲ್ಲಿ ಕೂತ್ಕೊಳ್ಳಲಿ?”

ಕೊಂಕಿಗೆ ಕೇಳಿದ್ದಲ್ಲ. ಮನೆಯಲ್ಲಿದ್ದ ಎರಡು ಕುರ್ಚಿಗಳ ಮೇಲೆ ಹಲಗೆ ಅಡ್ಡ ಹಾಕಿ ಬಣ್ಣದ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ಮಂಚದ ಮೇಲೆ ಇನ್ನೂ ಕೂರಿಸದ ಕಿಟಕಿ ಬಾಗಿಲುಗಳು ಒಂದರ ಮೇಲೊಂದು ಮಲಗಿದ್ದವು. ಮದುವೆಯಾದಾಗಿನಿಂದ ಅವಳು ಸಂಸಾರ ಮಾಡಿದ್ದು ಹೀಗೆಯೇ. ಕೂರುವ ಮೊದಲು ಏನನ್ನಾದರೂ ಎತ್ತಿಡಬೇಕು, ಕಾಲಿಡುವ ಮೊದಲು ಮೊಳೆ ಇದೆಯೇ ಎಂದು ನೋಡಬೇಕು.

ಆಸ್ಪತ್ರೆಯ ಗಾಡಿ ಬಂದಾಗಲೂ ಅವಳ ಕಣ್ಣು ನೆಲದ ಮೇಲೆಯೇ ಇತ್ತು. ಹೊತ್ತು ತಂದವರ ಮುಖ ನೋಡದೆ ಕಾಲುಗಳನ್ನು ನೋಡುತ್ತ, “ಆ ಕಡೆ ಗುಂಡಿ ಮುಚ್ಚಿಲ್ಲ, ಈಚೆಗೆ ಬನ್ನಿ,” ಅಂದಳು. ಅವರು ಈಚೆಗೆ ಬಂದು ಗಂಡನನ್ನು ಇಳಿಸಿದರು. ಆಸ್ಪತ್ರೆಯಲ್ಲಿ ತೊಳೆದು ಒರೆಸಿದ್ದರಿಂದ ಅವನ ಉಗುರುಗಳ ಸಂದಿಯಲ್ಲಿ ಗಾರೆ ಇರಲಿಲ್ಲ. ಮುಖ ಅವನದೇ. ಕೈ ಮಾತ್ರ ಬೇರೆ ಯಾರದೋ ಅನ್ನಿಸಿ ಅವಳು ಹೊದಿಕೆಯನ್ನು ಕೈಗಳ ಮೇಲಕ್ಕೆ ಎಳೆದಳು.

ಊರಿನಲ್ಲಿ ಅವನಿಗೆ ಪಾಳುಮನೆ ಸಾಹುಕಾರ ಎಂದು ಹೆಸರು. ಸಾಹುಕಾರಿಕೆ ಹೆಸರಿನಲ್ಲಿ ಮಾತ್ರ. ಜೇಬಿನಲ್ಲಿರುತ್ತಿದ್ದುದು ಒಂದು ಟೇಪು, ಒಂದು ಮೊಂಡು ಪೆನ್ಸಿಲ್ಲು. ಯಾರಿಗೂ ಬೇಡವಾದ ಮನೆಗಳೇ ಅವನಿಗೆ ಬೇಕು. ಅಣ್ಣತಮ್ಮಂದಿರು ಜಗಳವಾಡಿ ಬೀಗ ಜಡಿದದ್ದು, ಗೋಡೆಯಲ್ಲಿ ಗಿಡ ಹುಟ್ಟಿದ್ದು, ಅಲ್ಲಿ ಹೋದವರು ಬಾಳಲಿಲ್ಲ ಅನ್ನಿಸಿಕೊಂಡದ್ದು. ಅಂಥದನ್ನು ಹುಡುಕಿ ಕೊಳ್ಳುವುದು, ಹೆಂಡತಿ ಮಗಳ ಸಮೇತ ಅದರೊಳಗೇ ಬಿಡಾರ ಹೂಡಿ ದುರಸ್ತಿ ಮಾಡುವುದು, ಕೊನೆಯ ಬಣ್ಣ ಒಣಗುವ ಹೊತ್ತಿಗೆ ಮಾರಿ ಇನ್ನೊಂದು ಪಾಳುಮನೆಗೆ ಹೊರಡುವುದು. ಕಂಬಳಿಯ ಮೇಲೆ ಊಟಕ್ಕೆ ಕೂತು ಕೂದಲು ಬಂತು ಅನ್ನಬಾರದು ಎಂದು ಅವಳು ಧೂಳನ್ನು ಸಹಿಸಿದ್ದಳು. ಸಹಿಸಲಾಗದ್ದು ಇನ್ನೊಂದಿತ್ತು. ಪ್ರತಿ ಮನೆಯಲ್ಲೂ ಅವನು, “ಇದೇ ಕೊನೇದು ಕಣೇ, ಇದು ನಿಂಗೆ,” ಅನ್ನುತ್ತಿದ್ದ. ಪ್ರತಿ ಮನೆಗೂ ಯಾರೋ ಬಂದು ಗೋಡೆ ಸವರಿ, ಕಿಟಕಿ ತೆರೆದು ಮುಚ್ಚಿ ನೋಡುತ್ತಿದ್ದರು. ಅವನು “ನೋಡೋಣ” ಅನ್ನುತ್ತಿದ್ದ. ಅವನ ಬಾಯಲ್ಲಿ ‘ನೋಡೋಣ’ ಬಂದ ದಿನವೇ ಅವಳು ಪಾತ್ರೆಗಳನ್ನು ಕಟ್ಟಲು ಶುರು ಮಾಡುತ್ತಿದ್ದಳು.

ಈ ಮನೆ ಕೊಂಡಾಗಲೂ ಅದೇ ಮಾತು ಹೇಳಿದ್ದ. ಈ ಸಲ ನಿಜವೋ ಸುಳ್ಳೋ, ಕೇಳೋಣವೆಂದರೆ ಅವನಿಲ್ಲ.

ಮೈದುನ ಹತ್ತಿರ ಬಂದು ನಿಂತ. “ಅತ್ತಿಗೆ, ಈಗ ಆಡೋ ಮಾತಲ್ಲ,” ಎಂದು ಹೇಳಿಯೇ ಆಡಿದ. “ಹೋದ ವಾರ ಒಬ್ರು ಈ ಮನೆ ನೋಡ್ಕೊಂಡು ಹೋದ್ರಲ್ಲ, ಹೇಗಿದೆಯೋ ಹಾಗೇ ತಗೋತಾರಂತೆ. ಮಿಕ್ಕ ಕೆಲಸ ಅವರೇ ಮಾಡಿಸ್ಕೋತಾರೆ.”

“ನಿಮ್ಮಣ್ಣ ಏನಂದಿದ್ರು ಅವರಿಗೆ?”

ಮೈದುನ ಹೆಣದ ಕಡೆ ನೋಡಿ ದನಿ ತಗ್ಗಿಸಿದ. “ನೋಡೋಣ ಅಂದಿದ್ದ.”

ಅವಳು ತಲೆಯಾಡಿಸಿದಳು. ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋಗುವಂತೆ ಅವಳ ಕಣ್ಣು ಅಡುಗೆಮನೆಯ ಬರಿ ಗೋಡೆಯ ಕಡೆ ಹೋಯಿತು. ಬೇರೆಲ್ಲ ಮನೆಗಳಲ್ಲಿ ಮೊದಲು ಮುಗಿಯುತ್ತಿದ್ದುದು ಅಡುಗೆಮನೆ. ಇಲ್ಲಿ ಅದೊಂದನ್ನೇ ಮುಟ್ಟದೆ ಬಿಟ್ಟಿದ್ದ.

“ಸಂಜೆ ಬೀಗದ ಕೈ ತಗೊಂಡ್ಹೋಗಪ್ಪ,” ಅಂದಳು. “ನಾನು ಮಗಳ ಜೊತೆ ಹೊರಡ್ತೀನಿ.”

*

ಅವನು ಕೊಂಡ ಮನೆಗಳಲ್ಲಿ ಮೊದಲನೆಯದು ಬಾವಿಮನೆ. ಅಂಗಳದಲ್ಲಿ ಒಂದು ಬತ್ತಿದ ಬಾವಿ ಇದ್ದುದರಿಂದ ಆ ಹೆಸರು. ಮದುವೆಯಾಗಿ ಇನ್ನೂ ಹೊಸತು. ಬಾಗಿಲು ತಳ್ಳಿದಾಗ ಒಳಗಿಂದ ಪಾರಿವಾಳಗಳ ದಂಡೇ ತಲೆಯ ಮೇಲೆ ಹಾರಿ ಹೋಯಿತು. ಅವಳು ಕಿರುಚಿದಳು.

“ಹಳೇ ಬಾಡಿಗೆದಾರರು,” ಅಂದ ಅವನು. “ನೋಟೀಸು ಕೊಡದೆ ಬಂದ್ವಲ್ಲ, ಕೋಪ.”

ಒಂದು ದಿನ ಅವಳು ಇಟ್ಟಿಗೆಗಳ ಮೇಲೆ ಹಲಗೆ ಇಟ್ಟುಕೊಂಡು, ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಮುರಿದ ಗುದ್ದಲಿಯ ಕಾವೊಂದನ್ನು ತಂದು ಅವಳ ಪಕ್ಕ ನೆಟ್ಟಗೆ ನಿಲ್ಲಿಸಿದ.

“ಏ ಗೇಣು, ಅಲ್ಲಾಡ್ಬೇಡ.”

ಅವಳು ಕುಳ್ಳಿ ಎಂದು ಅವನು ಕರೆಯುತ್ತಿದ್ದುದು ಹಾಗೆ. ಹಲಗೆಯ ಕೆಳಗೆ ಒಂದು ಇಟ್ಟಿಗೆ ಸೇರಿಸಿದ, ತೆಗೆದ, ಒಂದು ಚೂರು ಹೆಂಚು ಸೇರಿಸಿದ. ಮುಂದೆ ಬಂದು ನೋಡಿದ, ಹಿಂದೆ ಹೋಗಿ ನೋಡಿದ.

“ಬೆನ್ನು ಬಗ್ಗಿಸ್ಬೇಡ. ಭುಜ ಎತ್ತಬೇಡ. ಹಾಂ, ಹಾಗೆ ಹೆಚ್ಚು.”

“ಇದೇನ್ರೀ, ನಂಗೆ ಬಟ್ಟೆ ಹೊಲಿಸ್ತೀರಾ?” ಈರುಳ್ಳಿಗೆ ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು.

“ಹೂಂ. ಕಲ್ಲಿಂದು.”

ಕಾವಿನ ಮೇಲೆ ಪೆನ್ಸಿಲ್ಲಿನಿಂದ ಗೀರು ಎಳೆದು, ಗರಗಸದಿಂದ ಅಲ್ಲಿಗೆ ಕುಯ್ದ. ಅವಳು ಅದನ್ನು ಅವತ್ತೇ ಮರೆತಳು. ಬಾವಿಮನೆಯಲ್ಲಿ ಮಗಳು ಹುಟ್ಟಿದಳು. ಮಗು ಅಂಬೆಗಾಲಿಡುವ ಮೊದಲೇ ಮನೆ ಮಾರಿದ್ದಾಯಿತು.

*

ಮಧ್ಯಾಹ್ನದ ಹೊತ್ತಿಗೆ ಆ ಮನೆಗಳೇ ಒಂದೊಂದಾಗಿ ಎದ್ದು ಬಂದಂತೆ ಜನ ಬಂದರು. ಅವಳಿಗೆ ಅವರ ಹೆಸರಿಗಿಂತ ಮನೆಗಳೇ ನೆನಪು. ಬಾವಿಮನೆ ಕೊಂಡಿದ್ದ ಶಾಲೆಯ ಮೇಡಂ ಬಂದಳು. ಈಗ ನಿವೃತ್ತಳು, ದೀಪದ ಕಂಬದ ಹಾಗೆ ಎತ್ತರ. ಹಳದಿಮನೆಯ ಬಟ್ಟೆ ಹೊಲಿಯುವಾಕೆ ಬಂದಳು. ಹೆಂಡತಿ ತೀರಿಕೊಂಡ ಮೇಲೆ ಮೂಲೆಮನೆಯಲ್ಲಿ ಒಂಟಿಯಾಗಿದ್ದ ಮುದುಕ ಬಂದು ಬಾಗಿಲ ಬಳಿ ನಿಂತ. ಬಂದವರೆಲ್ಲ ಹೆಣಕ್ಕೆ ಕೈಮುಗಿದು, ಆಮೇಲೆ ತಲೆಯೆತ್ತಿ ಮಾಡು ನೋಡುತ್ತಿದ್ದರು. ಅವನು ಕೂರಿಸಿದ ಹೊಸ ತೊಲೆಗಳನ್ನು ಅವರು ನೋಡುವುದನ್ನು ಅವಳು ನೋಡಿದಳು.

“ಇಷ್ಟು ವರ್ಷಕ್ಕೆ ಒಂದು ತೊಟ್ಟು ಸೋರಿಲ್ಲ. ಒಂದು ಬಿರುಕು ಬಿಟ್ಟಿಲ್ಲ,” ಅಂದಳು ಮೇಡಂ. “ಹೆಣದ ಮುಂದೆ ಸುಳ್ಳು ಹೇಳಬಾರ್ದು, ದೇವರಂಥ ಮನುಷ್ಯ.” ಸ್ವಲ್ಪ ತಡೆದಳು. ಸುಳ್ಳು ಹೇಳಬಾರದು ಅಂದದ್ದು ಅವಳಿಗೇ ತೊಡಕಾಯಿತೇನೋ. “ಅಡುಗೆ ಕಟ್ಟೆ ಒಂದು ಬಿಟ್ರೆ.”

ಮೂಗೊರೆಸಿಕೊಳ್ಳುತ್ತಿದ್ದ ಹಳದಿಮನೆಯಾಕೆ ತಟ್ಟನೆ ತಲೆಯೆತ್ತಿದಳು. “ನಿಮ್ಮನೇದೂ ತಗ್ಗಾ?”

“ತಗ್ಗು ಅಂದ್ರೆ! ನನ್ನ ತೊಡೆಗೆ ಬರತ್ತೆ. ಬಗ್ಗಿ ಬಗ್ಗಿ ಸೊಂಟ ಕೊಕ್ಕೆ ಆಗ್ಹೋಯ್ತು.”

“ನಾನು ಕಟ್ಟೆ ಮೇಲೆ ಮರದ ಪೆಟ್ಟಿಗೆ ಇಟ್ಕೊಂಡು ಅದರ ಮೇಲೆ ಹೆಚ್ಕೋತೀನಿ. ನಮ್ಮೆಜಮಾನ್ರು, ‘ಏನೇ, ಗೊಂಬೆ ಆಡೋ ಮನೆ ಕೊಂಡ್ವಾ’ ಅಂತಾರೆ.”

“ನೀವಾದ್ರೂ ನಿಂತ್ಕೋತೀರಿ,” ಅಂದ ಮೂಲೆಮನೆಯ ಮುದುಕ ಬಾಗಿಲಿನಿಂದ. “ನಾನು ಕುರ್ಚಿ ಹಾಕ್ಕೊಂಡು ಕೂತೇ ಅಡುಗೆ ಮಾಡೋದು. ಆಫೀಸಿನ ಸಾಹೇಬನ ಥರ.”

ಸಾವಿನ ಮನೆಯಲ್ಲಿ ನಗು ಬಂದರೆ ಕೆಮ್ಮಬೇಕು. ನಾಲ್ಕೈದು ಮಂದಿ ಒಟ್ಟಿಗೇ ಕೆಮ್ಮಿದರು.

“ನೀವು ಕೇಳ್ಲಿಲ್ವಾ ಅವರನ್ನ?”

“ಕೇಳ್ದೆ, ಬಿಡ್ತೀನಾ?” ಅಂದಳು ಮೇಡಂ. “‘ಮೇಡಂ, ಅಡುಗೆಮನೇಲಿ ನಿಂತ ಹೆಂಗಸು ಅಂದ್ರೆ ನನ್ನ ಕಣ್ಣಿಗೆ ಕಾಣೋದು ಒಂದೇ ಎತ್ತರ. ಕೈಗೂ ಅದೇ ರೂಢಿ ಆಗ್ಹೋಗಿದೆ, ಮನ್ನಿಸ್ಬೇಕು,’ ಅಂದ್ರು. ಏನು ಹೇಳ್ತಿದಾರೆ ಅಂತ ನಂಗೆ ಆಗ...”

ಮಾತು ಅಲ್ಲಿಗೇ ನಿಂತಿತು. ಮೇಡಂ ತಿರುಗಿ ಅವಳನ್ನು ನೋಡಿದಳು. ಮಿಕ್ಕವರೂ ನೋಡಿದರು. ಗೋಡೆಗೆ ಒರಗಿ ನಿಂತಿದ್ದ ಅವಳು ಮೇಡಂನ ಭುಜಕ್ಕೂ ಬರುವವಳಲ್ಲ. ಹೊದಿಕೆ ಸರಿಮಾಡುವ ನೆವದಲ್ಲಿ ಹಳದಿಮನೆಯಾಕೆ ತಲೆ ತಗ್ಗಿಸಿದಳು.

ಅವಳಿಗೆ ಮಗಳ ಫ್ಲಾಟು ನೆನಪಾಯಿತು. ಅಲ್ಲಿಯ ಅಡುಗೆ ಕಟ್ಟೆ ಅವಳ ಎದೆಗೆ ಬರುತ್ತಿತ್ತು. ಮಣೆಯ ಮೇಲೆ ಹತ್ತಿ ನಿಂತು, “ಈ ಫ್ಲಾಟು ಕಟ್ಟೋರಿಗೆ ಅಳತೆ ಅನ್ನೋದೇ ಗೊತ್ತಿಲ್ಲ,” ಎಂದು ಬೈದಿದ್ದಳು. ಅದೊಂದು ಬಿಟ್ಟರೆ ಮದುವೆಯಾದ ಮೇಲೆ ಅವಳು ನಿಂತು ಅಡುಗೆ ಮಾಡಿದ ಕಟ್ಟೆಗಳೆಲ್ಲ ಅವನು ಕಟ್ಟಿದವೇ. ಲೋಕದ ಕಟ್ಟೆಗಳು ಸರಿಯಾಗಿಯೇ ಇವೆ, ತನ್ನವೇ ತಗ್ಗು ಅನ್ನುವುದು ಈ ವಯಸ್ಸಿನವರೆಗೂ ತಲೆಗೆ ಹೊಳೆದಿರಲಿಲ್ಲ.

ಎದೆ ತುಂಬಿ ಬಂತು. ಮರುಗಳಿಗೆ ಹಳೆಯ ಉರಿಯೂ ಬಂತು. ತನ್ನ ಅಳತೆಗೆ ಕಟ್ಟಿದ್ದೇನೋ ಹೌದು. ಕಟ್ಟಿ, ಊರಿನವರಿಗೆಲ್ಲ ಮಾರಿದನಲ್ಲ. ಇಲ್ಲಿ ಅದನ್ನೂ ಕಟ್ಟಲಿಲ್ಲವಲ್ಲ.

*

ಅವನು ಎದೆ ಹಿಡಿದುಕೊಂಡು ಕುಸಿಯುವುದಕ್ಕೆ ಕೆಲವೇ ದಿನಗಳ ಮುಂಚೆ. ಈ ಮನೆಯ ಅಡುಗೆಮನೆಯಲ್ಲಿ ಅವಳು ಅದೇ ಇಟ್ಟಿಗೆ, ಅದೇ ಹಲಗೆಯ ಮೇಲೆ ತರಕಾರಿ ಹೆಚ್ಚುತ್ತಿದ್ದಳು. ಹಿಂದಿನಿಂದ ಬಂದು ಅವಳ ಮೊಣಕೈ ಕೆಳಗೆ ಅಂಗೈ ಹಿಡಿದ.

“ಧೂಳು ಉದುರಿಸ್ಬೇಡಿ, ತರಕಾರಿ ಇದೆ.”

“ಗೇಣು, ಬಗ್ಗಿ ಹೋಗಿದೀಯಲ್ಲೇ.”

“ಇದೇ ನನ್ನ ನೆಟ್ಟಗೆ. ಇನ್ನು ಇದಕ್ಕಿಂತ ಆಗಲ್ಲ.”

ಅವನು ಅಂಗೈಯನ್ನು ತುಸು ಕೆಳಗಿಳಿಸಿ ಹಾಗೇ ನಿಂತ. ಅವಳಿಗೆ ರೇಗಿತು.

“ಎಲ್ಲಾ ಮನೇಲೂ ಮೊದ್ಲು ಅಡುಗೆಮನೆ ಆಗ್ತಿತ್ತು. ಇಲ್ಲಿ ಯಾಕಾಗಿಲ್ಲ ಅಂತ ನಂಗೊತ್ತಿಲ್ವಾ?”

“ಏನು ಗೊತ್ತು?”

“ಕೊಳ್ಳೋರು ಅವರಿಗೆ ಬೇಕಾದ ಹಾಗೆ ಮಾಡಿಸ್ಕೊಳ್ಲಿ ಅಂತ ಬಿಟ್ಟಿದೀರ.”

ಅವನು ಬಾಯಿ ತೆರೆದ. ಹೊರಗಿನಿಂದ ಮೇಸ್ತ್ರಿ, “ಅಣ್ಣ, ಬಾಗಿಲ ಚೌಕಟ್ಟು ವಾಲ್ತಿದೆ, ಬನ್ನಿ!” ಎಂದು ಕೂಗಿದ. ಅವನು ಓಡಿದ. ಅವಳು ಬೇಕೆಂದೇ ಚಾಕುವಿನ ಸದ್ದು ಜೋರು ಮಾಡಿ ಹೆಚ್ಚಿದಳು. ಅದು ಅವರ ಕೊನೆಯ ಜಗಳ.

*

ಹೆಣ ಎತ್ತುವಾಗ ಮಗಳು ಗೋಳೋ ಎಂದು ಅತ್ತಳು. ಅವಳು ಬಾಗಿಲ ಪಕ್ಕ ನಿಂತು, “ಹೊಸ್ತಿಲು ಸಡಿಲ ಇದೆ. ಮೇಲೆ ಕಾಲಿಡ್ಬೇಡಿ, ದಾಟಿ,” ಅಂದಳು. ಹೊತ್ತವರು ಒಬ್ಬೊಬ್ಬರಾಗಿ ಹೊಸ್ತಿಲು ದಾಟಿದರು.

ಮಣ್ಣು ಮುಗಿಸಿ ಎಲ್ಲರೂ ಹಿಂತಿರುಗಿದಾಗ ಬಿಸಿಲು ಇಳಿದಿತ್ತು. ಬಾಗಿಲಿಲ್ಲದ ಕಿಟಕಿಯಿಂದ ಬೆಳಕು ಖಾಲಿ ನಡುಮನೆಯವರೆಗೂ ಬಂದು ಬಿದ್ದಿತ್ತು. ಮಗಳು ಅಮ್ಮನ ಬಟ್ಟೆಗಳ ಗಂಟನ್ನು ಕಾರಿಗೆ ಹಾಕಿ ಅಲ್ಲೇ ಕಾಯುತ್ತಿದ್ದಳು. ಮೇಸ್ತ್ರಿ ಮೂಲೆಯಲ್ಲಿ ಕೂತು ಕರಣೆ, ರಸಮಟ್ಟ, ತೂಗುಗುಂಡುಗಳನ್ನು ಒರೆಸಿ ಒರೆಸಿ ಚೀಲಕ್ಕೆ ಹಾಕುತ್ತಿದ್ದ.

“ಅಕ್ಕ, ಅಣ್ಣನ ಸಾಮಾನು ಯಾರಿಗೆ ಒಪ್ಪಿಸ್ಲಿ?”

ಚೀಲದಿಂದ ಕೋಲೊಂದು ಹೊರಗೆ ಚಾಚಿತ್ತು. ಅವಳು ಅದನ್ನು ಎಳೆದು ತೆಗೆದಳು. ಗುದ್ದಲಿಯ ಕಾವು.

“ಇದು ಇನ್ನೂ ಇದೆಯಾ?”

“ಇರದೆ? ನಮ್ಮ ಕಟ್ಟೆ ಕೋಲು ಅಲ್ವಾ ಅದು. ಅಡುಗೆಮನೇಲಿ ಅಣ್ಣ ಟೇಪು ಹಿಡಿದಿದ್ದು ನಾನು ನೋಡೇ ಇಲ್ಲ. ಈ ಕೋಲು ನಿಲ್ಸೋದು, ಗೆರೆ ಹೊಡೆಯೋದು. ಎಲ್ಲಾ ಮನೆಗೂ ಇದೇ.” ಮೇಸ್ತ್ರಿ ತೂಗುಗುಂಡಿನ ದಾರವನ್ನು ಬೆರಳಿಗೆ ಸುತ್ತುತ್ತ ಕೂತ. “ಈ ಮನೆಗೆ ಮಾತ್ರ ಆಗಲ್ಲ ಅಂದ್ರು. ಕಟ್ಟೆ ಕೆಲಸ ನಿಲ್ಸಿದ್ದೇ ಅದಕ್ಕೆ. ‘ಮೊದ್ಲು ಅಳತೆ ಸಿಗ್ಲಿ ತಡಿ, ಅಳತೆಗೆ ಅಂತ ಕೇಳಿದ್ರೆ ಬೇಕಂತ್ಲೇ ನೆಟ್ಟಗೆ ನಿಂತ್ಕೋತಾಳೆ, ಕೇಳ್ದೆ ನೋಡ್ಬೇಕು,’ ಅಂತಿದ್ರು. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಕೂತು ಕುಯ್ದ್ರು.”

“ಕುಯ್ದ್ರಾ?”

“ಒಂದು ಬೆರಳಿನಷ್ಟು. ನಾನೂ ಕೇಳ್ದೆ, ‘ಅಣ್ಣ, ಇಷ್ಟು ಮನೆಗೆ ಆಗಿದ್ದು ಇದಕ್ಕಾಗಲ್ವಾ?’ ಅಂತ.” ಮೇಸ್ತ್ರಿ ಸುತ್ತಿದ ದಾರವನ್ನು ಬಿಚ್ಚಿದ. “‘ಮಾರೋ ಮನೆಗಾದ್ರೆ ಆಗತ್ತೆ ಕಣೋ,’ ಅಂದ್ರು.”

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮೈದುನ ಹೊಸ್ತಿಲ ಬಳಿ ಬಂದ.

“ಅತ್ತಿಗೆ, ಕತ್ತಲಾಗ್ತಾ ಬಂತು. ಬೀಗದ ಕೈ?”

ಅವಳು ಕೋಲು ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಬೀಗದ ಕೈಗಳ ಗೊಂಚಲು ಅವಳ ಎಡಗೈಯಲ್ಲೇ ಇತ್ತು. ಇಟ್ಟಿಗೆಯ ಮೇಲಿನ ಹಲಗೆಯನ್ನು ಪಕ್ಕಕ್ಕೆ ಸರಿಸಿ, ಬರಿ ಗೋಡೆಯ ಎದುರು ನಿಂತಳು.

“ಮೇಸ್ತ್ರಿ,” ಎಂದು ಅಲ್ಲಿಂದಲೇ ಕರೆದಳು. “ನಾಳೆ ಬರ್ತೀಯಾ?”

“ಬೆಳಿಗ್ಗೇನೇ ಬರ್ತೀನಿ ಅಕ್ಕ,” ಅಂದ ಮೇಸ್ತ್ರಿ ನಡುಮನೆಯಿಂದ. ಚೀಲಕ್ಕೆ ಹಾಕಿದ್ದ ಕರಣೆ ಮತ್ತೆ ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

ಅವಳು ಕೋಲನ್ನು ನೆಲಕ್ಕೂರಿ ಗೋಡೆಗೆ ಒರಗಿಸಿದಳು. ತರಕಾರಿ ಹೆಚ್ಚುವವಳಂತೆ ತೋಳು ಮಡಿಸಿದಳು. ಬೆನ್ನು ನೆಟ್ಟಗೆ ಮಾಡಲು ಹೋಗಲಿಲ್ಲ. ಎಷ್ಟೋ ವರ್ಷಗಳ ಕೈಬೆವರಿಗೆ ಕಾವು ಬುಡದಿಂದ ತುದಿಯವರೆಗೂ ಕಪ್ಪಾಗಿತ್ತು. ಹೊಸದಾಗಿ ಕುಯ್ದ ಮೇಲಿನ ಕೊನೆಯೊಂದು ಮಾತ್ರ ಬೆಳ್ಳಗೆ, ಮರದ ಪುಡಿ ಇನ್ನೂ ಅಂಟಿಕೊಂಡು, ಅವಳ ಮೊಣಕೈಯ ಕೆಳಗೆ ಸರಿಯಾಗಿ ಬಂದು ನಿಂತಿತ್ತು.