ಕೆಂಪು ದಾರದ ಹಲ್ಲುಪುಡಿ

ಹೆಸರು ಹೇಳುವುದಕ್ಕೆ ಮೊದಲು ಮಾಸ್ತಪ್ಪ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಸಾಗರದ ತಾಲೂಕು ಕಚೇರಿಯ ಎದುರಿನ ಆ ಕೋಣೆಯಲ್ಲಿ, ಅರ್ಜಿ ಬರೆದುಕೊಡುವ ಗಜಾನನ ಭಟ್ಟರ ಹೊರತು ಇನ್ನೊಂದು ಜೀವವಿದ್ದರೆ ಅದು ಬೆಂಚಿನಡಿ ಮಲಗಿದ್ದ ಬೆಕ್ಕು. ಮಾಸ್ತಪ್ಪ ಅದನ್ನೂ ಒಮ್ಮೆ ನೋಡಿದ.

"ಹೇಳು ಮಾರಾಯ. ನಿನ್ನ ಹೆಸರು ಕದ್ದು ನಾನು ಹಲ್ಲುಪುಡಿ ಮಾರಕ್ಕೆ ಹೋಗ್ತೀನಾ? ನಂಗೆ ಉಳಿದಿರೋದೇ ನಾಲ್ಕು ಹಲ್ಲು," ಎಂದರು ಭಟ್ಟರು.

ಇಷ್ಟು ಒತ್ತಾಯ ಮಾಡುವವನಿಗೆ ಏನೋ ಲಾಭವಿರಲೇಬೇಕು ಎಂದು ಮಾಸ್ತಪ್ಪನಿಗೆ ಅನ್ನಿಸಿತು. ಆದರೆ ಬೇರೆ ದಾರಿಯಿರಲಿಲ್ಲ. ಭತ್ತದ ಉಮಿ ಸುಟ್ಟು, ಉಪ್ಪು ಲವಂಗ ಸೇರಿಸಿ ಅರೆದ ಕರೀ ಪುಡಿಯನ್ನು ಅವನು ಸಂತೆಯಿಂದ ಸಂತೆಗೆ ಹೊತ್ತು ಮಾರುತ್ತಿದ್ದ. ಪೊಟ್ಟಣದ ಮೇಲೆ ಹೆಸರಿರಲಿಲ್ಲ, ಕೆಂಪು ದಾರ ಸುತ್ತಿರುತ್ತಿತ್ತು. ಹೆಂಗಸರು ಕೆಂಪು ದಾರದ್ದೇ ಬೇಕೆಂದು ಕೇಳಿ ಒಯ್ಯುತ್ತಿದ್ದರು. ಕಳೆದ ತಿಂಗಳು ಹೊಸನಗರದ ಸಂತೆಯಲ್ಲಿ ದುಗ್ಗಪ್ಪನೆಂಬವನೊಬ್ಬ ಬರೀ ಇದ್ದಿಲು ಕುಟ್ಟಿ, ಅದಕ್ಕೆ ಕೆಂಪು ದಾರ ಸುತ್ತಿ ಕೂತಿದ್ದ. ಕೇಳಿದ್ದಕ್ಕೆ, ದಾರ ನಿಮ್ಮಪ್ಪಂದಾ ಎಂದ. ಅದನ್ನು ತಿಕ್ಕಿ ಒಸಡು ಕೆರೆದುಕೊಂಡವರು ಬೈದದ್ದು ಮಾತ್ರ ಮಾಸ್ತಪ್ಪನಿಗೆ. ಹೀಗೇ ಇನ್ನೊಂದು ಮಳೆಗಾಲ ಹೋದರೆ ಅವನು ಮತ್ತೆ ಯಾರದಾದರೂ ಗದ್ದೆಯಲ್ಲಿ ಕೂಲಿಗೆ ಇಳಿಯಬೇಕಿತ್ತು. ಪೊಟ್ಟಣಕ್ಕೆ ಇನ್ನೊಬ್ಬರು ಕದಿಯಲಾಗದ ಹೆಸರೊಂದನ್ನು ಹಾಕಿಸಲೆಂದೇ ಅವನು ಬಂದಿದ್ದ.

"ಕನ್ನಮ್ಮ," ಎಂದು ಪಿಸುಗುಟ್ಟಿದ. "ನಮ್ಮವ್ವ. ಪುಡಿ ಮಾಡೋದು ಕಲ್ಸಿದ್ದು ಅವಳೇಯ."

ಭಟ್ಟರು ಕನ್ನಡಕವನ್ನು ಹಣೆಗೇರಿಸಿ ವಿವರಿಸಿದರು. ಹೆಸರು ಬೊಂಬಾಯಿಯ ಆಫೀಸಿನಲ್ಲಿ ರಿಜಿಸ್ಟರ್ ಆಗಬೇಕು. ದೇವರ ಹೆಸರನ್ನು ಆಗಲೇ ಹತ್ತು ಜನ ಹಿಡಿದಿರುತ್ತಾರೆ. ಊರಿನ ಹೆಸರು ಕೊಡುವುದಿಲ್ಲ, ಅದು ಊರವರೆಲ್ಲರದು. ಬದುಕಿರುವವರ ಹೆಸರಾದರೆ ಅವರ ಒಪ್ಪಿಗೆ ಬೇಕು. ಹೀಗೆಂದು ಒಪ್ಪಿಗೆಯ ಕಾಗದವೊಂದನ್ನು ಬರೆದು, ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ ಎಂದು ಕೊಟ್ಟರು.

ಕೋಣಂದೂರಿಗೆ ಹೊರಟ ಮಾಸ್ತಪ್ಪ ಆ ಕಾಗದವನ್ನು ಬಸ್ ಸ್ಟ್ಯಾಂಡಿನಲ್ಲೊಬ್ಬರ ಕೈಲಿ, ಬಸ್ಸಿನೊಳಗೊಬ್ಬರ ಕೈಲಿ ಓದಿಸಿದ. ಇಬ್ಬರೂ ಒಂದೇ ಥರ ಓದಿದರು. ಇಬ್ಬರೂ ಭಟ್ಟರ ಕಡೆಯವರಿರಬಹುದೇ ಎಂಬ ಯೋಚನೆ ರಿಪ್ಪನ್‌ಪೇಟೆಯವರೆಗೂ ಅವನ ಪಕ್ಕದಲ್ಲೇ ಕೂತು ಬಂತು.

ಲಿಂಗನಮಕ್ಕಿಯ ಅಣೆಕಟ್ಟೆ ಎದ್ದು ತಮ್ಮೂರು ಹಲಸಿಗೋಡು ಮುಳುಗಿದ ಮೇಲೆ ಕನ್ನಮ್ಮ ಕೋಣಂದೂರಿನ ಮಗಳು ಪುಷ್ಪಮ್ಮನ ಮನೆಯಲ್ಲಿದ್ದಳು. ಮಗನನ್ನು ಕಂಡು ಹಿಗ್ಗಿದವಳು, ಅವನ ಜೇಬಿನಿಂದ ಕಾಗದ ಹೊರಗೆ ಬಂದದ್ದೇ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಎಂತಕ್ಕದು?"

"ಪೊಟ್ಣದ ಮೇಲೆ ನಿನ್ನ ಹೆಸ್ರು ಹಾಕದಕ್ಕೆ ಕಣವ್ವ."

"ಕಾಗ್ದ ಎಲ್ಲಿಗೆ ಹೋತದೆ?"

"ಬೊಂಬಾಯಿಗೆ."

"ಹೋದ ಸಲದ್ದು ಬೆಂಗ್ಳೂರಿಗೆ ಹೋಗಿತ್ತು."

ಹೋದ ಸಲ ಯಾವುದೆಂದು ಮಾಸ್ತಪ್ಪ ಕೇಳಬೇಕಾಗಿರಲಿಲ್ಲ. ಅಣೆಕಟ್ಟೆಯ ಕಡೆಯಿಂದ ಜೀಪಿನಲ್ಲಿ ಬಂದವರು ಹಲಸಿಗೋಡಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದಾಗ, ಬರೀ ಹೆಸರು ಬರೆದುಕೊಳ್ಳುವುದಕ್ಕೆ ಎಂದು ಅವ್ವನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದವನು ಅವನೇ.

ಪುಷ್ಪಮ್ಮ ನಡುವೆ ಬಾಯಿ ಹಾಕಿ, ಅಣ್ಣ ಇದರಲ್ಲಿ ನಮ್ಮ ಮನೆಯನ್ನೂ ಸೇರಿಸಿ ಬರೆಸಿಲ್ಲ ತಾನೆ ಎಂದು ನಕ್ಕಳು. ನಗುತ್ತಲೇ ಕಾಗದವನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದಳು. ಅವಳಿಗೂ ಓದು ಬರುತ್ತಿರಲಿಲ್ಲ.

"ಅವತ್ತೂ ನೀನು ಹಿಂಗೇ ಹೇಳಿದ್ದೆ," ಎಂದಳು ಕನ್ನಮ್ಮ. "ಒತ್ತಿದೆ. ಊರು ಹೋತು. ಈಗ ನಂದು ಅಂತ ಇರೋದು ಹೆಸ್ರೊಂದು. ಅದ್ನ ಒತ್ತಿ ಕೊಡದಿಲ್ಲ."

"ಹಂಗಾರೆ ಆ ದುಗ್ಗಪ್ಪಂಗೇ ಬಿಟ್ಟುಕೊಡನಾ?"

ಮಾರನೆಯ ಬೆಳಿಗ್ಗೆ ಕನ್ನಮ್ಮ ಅವನೇ ತಂದುಕೊಟ್ಟ ಪುಡಿಯಿಂದ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಹೊರಟು ನಿಂತ ಮಗನ ಬೆನ್ನಿಗೆ ಹೇಳಿದಳು:

"ಹಲಸಿಗೋಡು ಅಂತ ಇಡು. ಅದ್ರ ಹೆಬ್ಬೆಟ್ಟು ಯಾರೂ ಕೇಳದಿಲ್ಲ."

ಸಾಗರದಲ್ಲಿ ಭಟ್ಟರು ಪೆನ್ನು ಕೆಳಗಿಟ್ಟರು. ಈಗ ಅನುಮಾನ ಪಡುವ ಸರದಿ ಅವರದಾಗಿತ್ತು.

"ಊರಿನ ಹೆಸರು ನಡೆಯಲ್ಲ ಅಂದಿದ್ದೆನಲ್ಲ?"

"ಊರಲ್ಲ ಭಟ್ರೆ."

"ಮತ್ತೆಂತದು?"

"ಊರಾಗಿತ್ತು."

ಬೊಂಬಾಯಿಯವರು ಮಾತು ಕೇಳುವುದಿಲ್ಲ, ನಕ್ಷೆ ನೋಡುತ್ತಾರೆ, ಅದರಲ್ಲಿ ಹೆಸರಿದ್ದರೆ ಊರೆಂದೇ ಎಣಿಸುತ್ತಾರೆ ಎಂದು ಗೊಣಗುತ್ತ ಭಟ್ಟರು ಕಪಾಟಿನಿಂದ ತಾಲೂಕಿನ ಹಳೇ ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಅದರಲ್ಲಿನ್ನೂ ಕಟ್ಟೆಯಿರಲಿಲ್ಲ; ಹೊಳೆ ಸಣ್ಣ ನೀಲಿ ಗೆರೆಯಾಗಿ ಹರಿಯುತ್ತಿತ್ತು. ಭಟ್ಟರು ಹೆಸರುಗಳನ್ನು ಒಂದೊಂದಾಗಿ ಓದುತ್ತ ಹುಡುಕತೊಡಗಿದರು. ಅಕ್ಷರ ಬಾರದ ಮಾಸ್ತಪ್ಪ ಹೊಳೆಯ ತಿರುವು ಹಿಡಿದು ಬೆರಳಾಡಿಸುತ್ತ ಬಂದ. ಮೊದಲ ತಿರುವು, ದೋಣಿ ದಾಟುವ ಜಾಗ, ಹಳ್ಳ ಬಂದು ಸೇರುವ ಮೂಲೆ. ಅಲ್ಲೊಂದು ಚುಕ್ಕೆಯಿತ್ತು. ಅದರ ಮೇಲೆ ಹೆಬ್ಬೆಟ್ಟಿಟ್ಟ.

"ಕೈ ತೆಗಿ ಮಾರಾಯ. ಅಲ್ಲಿ ಇದ್ಯೋ ಇಲ್ಲವೋ ನೋಡಣ," ಎಂದರು ಭಟ್ಟರು.

ಮಾಸ್ತಪ್ಪ ಒತ್ತಿ ಹಿಡಿದೇ ಇದ್ದ. ಉಗುರಿನ ಸಂದಿಯ ಕರೀ ಪುಡಿ ನಕ್ಷೆಯ ಮೇಲೆ ಸಣ್ಣಗೆ ಉದುರುತ್ತಿತ್ತು.