ಒಂದೆಳೆ ಪಾಕ

ಬಿಸಿನೀರಿನಲ್ಲಿ ನೆನೆದ ಬಾದಾಮಿಯನ್ನು ಚಿಕ್ಕವಳು ಎರಡು ಬೆರಳ ನಡುವೆ ಹಿಡಿದು ಒತ್ತಿದಳು. ಬೀಜ ಸಿಪ್ಪೆಯಿಂದ ಚಂಗನೆ ಹಾರಿ ಕಪಾಟಿನ ಅಡಿಗೆ ಉರುಳಿತು.

“ನೋಡಕ್ಕಾ, ಸಿಪ್ಪೆ ಬಿಡಿಸೋಕೂ ಬರಲ್ಲ ನಂಗೆ,” ಎಂದು ನಕ್ಕಳು. “ಅದಕ್ಕೇ ನಿನ್ನ ಹತ್ರ ಓಡಿ ಬಂದಿದ್ದು.”

ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾದ ಇವರಿಬ್ಬರನ್ನೂ ಅತ್ತೆ ಕರೆಯುತ್ತಿದ್ದದ್ದೇ ಹಾಗೆ: ದೊಡ್ಡವಳು, ಚಿಕ್ಕವಳು. ಅತ್ತೆ ತೀರಿಕೊಂಡು, ಮನೆ ಎರಡಾಗಿ, ಇಬ್ಬರ ತಲೆಯೂ ನರೆತರೂ ಆ ಹೆಸರುಗಳು ಮಾತ್ರ ಹೋಗಿರಲಿಲ್ಲ. ಚಿಕ್ಕವಳು ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಲ್ಲಿ ಹದಿನಾರು ವರ್ಷ ಪಕ್ಕದ ಮೇಜಿನಲ್ಲೇ ನಿಂತು ದುಡಿದ ಗೆಳತಿ ನಾಳೆ ಕೆಲಸ ಬಿಡುವವಳಿದ್ದಳು. ಅವಳಿಗೆಂದು ಬಾದಾಮಿ ಬರ್ಫಿ ಮಾಡಿಸಿಕೊಂಡು ಹೋಗಲು ಚಿಕ್ಕವಳು ಬಾದಾಮಿ, ಸಕ್ಕರೆ, ತುಪ್ಪ ಎಲ್ಲ ಹೊತ್ತುಕೊಂಡು ಮಧ್ಯಾಹ್ನವೇ ಬಂದಿದ್ದಳು.

ಬಾದಾಮಿ ರುಬ್ಬಿ ಆಯಿತು. ದೊಡ್ಡವಳು ಬಾಣಲೆಯಲ್ಲಿ ಸಕ್ಕರೆ ಸುರಿದು, ಅದು ಮುಳುಗುವಷ್ಟು ನೀರು ಹಾಕಿ ಒಲೆ ಹಚ್ಚಿದಳು. ಚಿಕ್ಕವಳು ಹಿಂದೆ ಸರಿದು ಬಾಗಿಲಿಗೆ ಒರಗಿ ನಿಂತಳು.

“ನಾನು ದೂರಾನೇ ಇರ್ತೀನಮ್ಮಾ. ನನ್ನ ನೆರಳು ಬಿದ್ರೂ ಅದು ಕಲ್ಲಾಗತ್ತೆ.”

ತಮಾಷೆಗೇ ಅಂದದ್ದು. ಎಷ್ಟೋ ಸಲ ಅಂದಿದ್ದಳು ಕೂಡ. ಆದರೆ ಇವತ್ತು ದೊಡ್ಡವಳ ಕೈಯಲ್ಲಿದ್ದ ಸೌಟು ನಿಂತುಬಿಟ್ಟಿತು.

ಚಿಕ್ಕವಳು ಮದುವೆಯಾಗಿ ಬಂದ ಹೊಸತು ಅದು. ಏನು ಮಾಡಿದರೂ ಅಚ್ಚುಕಟ್ಟು, ಯಾರಿಗೆ ಬಡಿಸಿದರೂ ಇನ್ನೊಂದು ತುತ್ತು ಕೇಳಬೇಕು. ಅತ್ತೆಯ ಬಾಯಲ್ಲಿ ದಿನಬೆಳಗಾದರೆ ಅವಳದೇ ಜಪ. ದೊಡ್ಡವಳ ಪಾಲಿಗೆ ಅಂತ ಉಳಿದಿದ್ದು ಈ ಬಾದಾಮಿ ಬರ್ಫಿ ಒಂದೇ. ಅತ್ತೆಯ ತವರಿನವರು ಊಟಕ್ಕೆ ಬರುವ ಹಿಂದಿನ ದಿನ, “ಹೇಗೆ ಮಾಡೋದು ಹೇಳಿಕೊಡಕ್ಕಾ, ನಾಳೆ ನಾನೇ ಮಾಡ್ತೀನಿ,” ಎಂದು ಚಿಕ್ಕವಳು ಸೆರಗು ಹಿಡಿದು ಕೇಳಿದ್ದಳು. ದೊಡ್ಡವಳು ಹೇಳಿಕೊಟ್ಟಿದ್ದಳು. ಮರುದಿನ ತಟ್ಟೆಗೆ ಹಾಕಿದ ಚಾಕು ಬಾಗಿತೇ ಹೊರತು ಬರ್ಫಿ ಮುರಿಯಲಿಲ್ಲ. “ಗೋಡೆ ಕಟ್ಟೋರು ಯಾರಾದ್ರೂ ಇದ್ರೆ ಹೇಳ್ರಪ್ಪಾ, ಇಟ್ಟಿಗೆ ರೆಡಿ ಇದೆ,” ಎಂದಿದ್ದ ಚಿಕ್ಕವಳ ಗಂಡ. ಮನೆ ತುಂಬಾ ನಗು. ದೊಡ್ಡವಳೂ ನಕ್ಕಿದ್ದಳು.

“ಬಾರೇ ಇಲ್ಲಿ,” ಎಂದಳು ಈಗ. “ನೀನೇ ಮಾಡು.”

“ಅಯ್ಯೋ, ಬೇಡಕ್ಕಾ! ನಾಳೆ ಮರ್ಯಾದೆ ಹೋಗತ್ತೆ.”

“ಬಾ ಅಂದೆನಲ್ಲ.”

ಪಾಕ ಗುಳ್ಳೆಗಟ್ಟಿ ಕುದಿಯುತ್ತಿತ್ತು. ದೊಡ್ಡವಳು ಸೌಟಿನಿಂದ ಒಂದು ತೊಟ್ಟು ತಟ್ಟೆಗೆ ಬಿಟ್ಟು, ಆರಿದ ಮೇಲೆ ಚಿಕ್ಕವಳ ಬೆರಳಿಗೆ ಅಂಟಿಸಿದಳು. ಬೆರಳು ಬಿಡಿಸಿದರೆ ನಡುವೆ ಒಂದೇ ಒಂದು ಎಳೆ ನಿಂತಿತು.

“ಆಯ್ತು. ಬಾದಾಮಿ ಹಾಕು.”

“ಇಷ್ಟಕ್ಕೇನಾ? ಮೂರೆಳೆ ಬರಬೇಕಲ್ವಾ? ನೀನೇ ಹೇಳಿದ್ದೆ.”

“ಹೇಳಿದ್ದೆ.”

“ಅವತ್ತು ಮರೆತಿದ್ದೆ ಅನ್ಸತ್ತೆ.”

“ಮರೆತಿರಲಿಲ್ಲ.”

ಚಿಕ್ಕವಳು ಬಾದಾಮಿಯನ್ನು ಬಾಣಲೆಗೆ ಹಾಕಿ ಮಗುಚತೊಡಗಿದಳು. ಹಾಕಿದ ಮೇಲೆ ಕೈ ಬಿಡುವ ಹಾಗಿಲ್ಲ. ಹೇಳಿದ್ದು ಕೇಳಿಸಲಿಲ್ಲವೇನೋ ಎಂದು ದೊಡ್ಡವಳಿಗೆ ಅನ್ನಿಸಿತು. ಕೇಳಿಸದಿದ್ದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತು.

ಬಾದಾಮಿ ಗಟ್ಟಿಯಾಗತೊಡಗಿದಾಗ ಚಿಕ್ಕವಳು ಬಾಣಲೆ ನೋಡುತ್ತಲೇ ಮಾತಾಡಿದಳು. “ನಿಂಗೆ ಗೊತ್ತಿಲ್ಲ. ಮನೆ ಬೇರೆಯಾದಾಗ ನಮ್ಮ ಬೀದಿ ಕ್ಯಾಂಟೀನಿನ ಹೆಂಗಸು ಕರೆದಿದ್ಲು. ‘ಖಾರದ್ದು ನಾನು ನೋಡ್ಕೋತೀನಿ, ಸಿಹಿ ನೀನು ನೋಡ್ಕೋ, ಇಬ್ರೂ ಸೇರಿ ನಡೆಸೋಣ’ ಅಂತ. ಮೂರು ಸಲ ಮನೆಗೇ ಬಂದ್ಲು. ನನ್ನ ಕೈಗೆ ಸಿಹಿ ಹತ್ತಲ್ಲಮ್ಮಾ ಅಂದೆ. ಆಮೇಲೆ ಇಸ್ತ್ರಿ ಕೆಲಸಕ್ಕೆ ಸೇರಿದ್ದು.”

ಸೌಟು ತಿರುಗಿಸುತ್ತಿದ್ದ ಅವಳ ಮುಂಗೈ ಮೇಲೆ ಸುಟ್ಟ ಕಲೆಗಳಿದ್ದವು. ಹಳೆಯವು ಬೆಳ್ಳಗೆ, ಒಂದೆರಡು ಇನ್ನೂ ಕೆಂಪಗೆ. ದೊಡ್ಡವಳು ಅವನ್ನು ಎಷ್ಟು ವರ್ಷದಿಂದ ನೋಡುತ್ತಿದ್ದಳೋ.

“ನಾನು ಅವತ್ತು ಹೊಟ್ಟೆಕಿಚ್ಚಿಗೆ ಬಿದ್ದು...”

“ತಳ ಹಿಡಿಯತ್ತೆ. ಮಾತಾಡಿಸಬೇಡ.”

ಮುದ್ದೆ ಬಾಣಲೆಯ ಅಂಚು ಬಿಟ್ಟು ಒಂದೇ ಉಂಡೆಯಾಯಿತು. ಯಾರೂ ಹೇಳದೆಯೇ ಚಿಕ್ಕವಳು ಒಲೆ ಆರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಒತ್ತಿ ಸಮ ಮಾಡಿದಳು. ಬೆಚ್ಚಗಿರುವಾಗಲೇ ಗೆರೆ ಹಾಕಿದಳು. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ದೊಡ್ಡವಳು ತನ್ನ ಆಯುಷ್ಯದಲ್ಲಿ ಅಷ್ಟು ಚೆಂದದ ಬರ್ಫಿ ಮಾಡಿರಲಿಲ್ಲ.

“ಒಂದು ಬಾಯಿಗೆ ಹಾಕಿ ನೋಡೇ.”

“ಬೇಡ.”

ಆರಿದ ಮೇಲೆ ತುಂಡುಗಳನ್ನು ಡಬ್ಬಿಗೆ ತುಂಬಿ, ಬಾಣಲೆಗೆ ನೀರು ಬಿಟ್ಟು, ಒಲೆಯ ಸುತ್ತ ಒರೆಸಿ, ಚೀಲ ಹೆಗಲಿಗೇರಿಸಿಕೊಂಡಳು. ಮೂವತ್ತು ವರ್ಷ ಈ ಹೊಸಿಲು ದಾಟುವಾಗೆಲ್ಲ “ಬರ್ತೀನಕ್ಕಾ” ಅನ್ನುತ್ತಿದ್ದವಳು.

“ಹೋಗ್ತೀನಿ,” ಎಂದಳು.

ದೊಡ್ಡವಳು ಕಿಟಕಿಯ ಬಳಿ ಹೋಗಿ ನಿಂತಳು. ರಸ್ತೆಯಾಚೆಯ ಬಸ್ ಸ್ಟಾಪಿನ ಬೆಂಚಿನಲ್ಲಿ ಚಿಕ್ಕವಳು ಕೂತಿದ್ದಳು, ಡಬ್ಬಿ ತೊಡೆಯ ಮೇಲೆ. ಮುಚ್ಚಳ ತೆಗೆದು, ಒಂದು ತುಂಡು ಎತ್ತಿಕೊಂಡು ಮೂಲೆಯನ್ನು ಕಚ್ಚಿದಳು. ಅಷ್ಟರಲ್ಲಿ ಅವಳ ಬಸ್ಸು ಬಂದು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಬಸ್ಸು ಹೊರಟುಹೋದ ಮೇಲೆ ನೋಡಿದರೆ ಚಿಕ್ಕವಳು ಅಲ್ಲೇ ಕೂತಿದ್ದಳು, ನಿಧಾನವಾಗಿ ಅಗಿಯುತ್ತ.